ಸಂಕಲ್ಪ ಹೇಳುವ ಕೂಸು

ನನ್ನ ಮೊಮ್ಮಗಳು ಮೂರೂವರೆ ವರ್ಷಕ್ಕೆ ಪೂಜೆಯ ಸಂಕಲ್ಪವನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದಳು. ಬೇಗಾರಿನ ನನ್ನ ಬೀಗರು, ಅಂದರೆ ಅವಳ ತಂದೆಯ ತಂದೆ, ಪುರೋಹಿತರು. ಸಂವತ್ಸರ, ಅಯನ, ಋತು, ಮಾಸ ಎಂದು ಅವರು ಎಳೆಯುವ ಧಾಟಿಯಲ್ಲೇ ಎಳೆಯುವಳು. ಅವರು ಕೆಮ್ಮುತ್ತಿದ್ದ ಜಾಗದಲ್ಲಿ ಅವಳೂ ಕೆಮ್ಮುವಳು. ನಡುವೆ ಅವರು ಹೆಂಡತಿಯನ್ನು ಗದರುತ್ತಿದ್ದ 'ಆ ಹರಿವಾಣ ಇತ್ಲಾಗೆ ಕೊಡೇ' ಎಂಬ ಮಾತು ಕೂಡ ಮಂತ್ರದ ಅಂಗವಾಗಿ ಅದೇ ಸ್ಥಾನದಲ್ಲಿ ಬರುತ್ತಿತ್ತು. ಕೇಳಿದವರು ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆಮೇಲೆ ಕೈ ಮುಗಿಯುತ್ತಿದ್ದರು.

ಇದೇ ಕೂಸಿಗೆ ಹಸಿವಾದರೆ ಹಸಿವು ಎನ್ನಲು ಬರುತ್ತಿರಲಿಲ್ಲ. ತಾಯಿಯ ಕೈ ಹಿಡಿದು ಎಳೆದೊಯ್ದು ಅವಲಕ್ಕಿ ಡಬ್ಬಿಯ ಮೇಲೆ ಇಡುತ್ತಿದ್ದಳು, ಆ ಕೈ ಯಾರೋ ಮರೆತು ಬಿಟ್ಟುಹೋದ ಸೌಟು ಎಂಬಂತೆ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮಿಕ್ಸಿ ಸದ್ದಾದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವಳು. ಇಷ್ಟವಿಲ್ಲದ್ದನ್ನು ಮಾಡಿಸಿದರೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುವಳು. ಮುಂಗೈ ಮೇಲೆ ಹಲ್ಲಿನ ಗುರುತು ಮಾಸಿದ್ದೇ ಇಲ್ಲ. ನನ್ನ ಮಗಳು ಇದನ್ನೆಲ್ಲ ಹೇಳಿಕೊಂಡರೆ ಬೀಗರ ಬಳಿ ಶಾಸ್ತ್ರೋಕ್ತವಾದ ಉತ್ತರ ಸಿದ್ಧವಾಗಿತ್ತು.

'ಪೂರ್ವಜನ್ಮದ ಸಂಸ್ಕಾರ ಉಳ್ಳ ಕೂಸು. ಇಂಥವಕ್ಕೆ ಲೌಕಿಕ ಬೇಗ ಹತ್ತೋದಿಲ್ಲ.'

ಬಾಯಿಪಾಠವೇ ವಿದ್ಯೆ ಎಂದು ನಂಬಿದ ಸೀಮೆ ನಮ್ಮದು. ಪುಸ್ತಕ ನೋಡದೆ ಹೇಳಿದವನು ಪಂಡಿತ, ನೋಡಿ ಹೇಳಿದವನು ಗುಮಾಸ್ತ. ಬೇರೆ ಎಲ್ಲಾದರೂ ಹುಟ್ಟಿದ್ದರೆ ಈ ಕೂಸನ್ನು ಡಾಕ್ಟರ ಬಳಿ ಒಯ್ಯುತ್ತಿದ್ದರು. ನಮ್ಮಲ್ಲಿ ಮಣೆ ಹಾಕಿ ಕೂರಿಸಿದರು. ಉಪನಯನವಿರಲಿ, ಸತ್ಯನಾರಾಯಣ ಪೂಜೆಯಿರಲಿ, ಊಟಕ್ಕೆ ಮೊದಲು ಕೂಸಿನ ಸಂಕಲ್ಪ ಒಂದು ಕಾರ್ಯಕ್ರಮವೇ ಆಗಿಹೋಯಿತು. ಅವಳು ಮುಂಗೈ ಕಚ್ಚಿಕೊಂಡರೆ 'ದೃಷ್ಟಿಯಾಯ್ತು' ಎಂದು ಉಪ್ಪು ನಿವಾಳಿಸುತ್ತಿದ್ದರು. ದೃಷ್ಟಿ ಹಾಕುವವರನ್ನು ಕರೆದು ಎದುರಿಗೆ ಕೂರಿಸಿದವರು ಯಾರು ಎಂದು ಕೇಳುವ ಧೈರ್ಯ ಹೆಣ್ಣು ಕೊಟ್ಟವನಿಗೆ ಇರುವುದಿಲ್ಲ. ನಾನು ಕೊಪ್ಪದಲ್ಲಿ ಹೈಸ್ಕೂಲು ಮೇಷ್ಟರಾಗಿ ನಿವೃತ್ತನಾದವನು. ಮೂವತ್ತು ವರ್ಷ ಪರರ ಮಕ್ಕಳನ್ನು ಗದರಿದ ಗಂಟಲು ಬೀಗರ ಜಗಲಿಯಲ್ಲಿ ತಾನಾಗಿ ಸಣ್ಣದಾಗುತ್ತಿತ್ತು.

ಮಗಳು, ಅಳಿಯ ನರಸಿಂಹರಾಜಪುರದಲ್ಲಿದ್ದರು. ಅಳಿಯನಿಗೆ ಅಲ್ಲಿ ಕಚೇರಿ ಕೆಲಸ. ಮಗಳು ಮೊದಲು ಕೂಸನ್ನು ಕೊಪ್ಪದ ಒಬ್ಬ ಡಾಕ್ಟರಿಗೆ ತೋರಿಸಿದಳು. ಆತ ಕೂಸಿನ ಬಾಯಲ್ಲಿ ಸಂಕಲ್ಪ ಕೇಳಿ, ಕಾಂಪೌಂಡರನ್ನೂ ಕರೆದು ಕೇಳಿಸಿ, 'ಇಷ್ಟು ಸ್ಪಷ್ಟವಾಗಿ ಮಾತು ಬರ್ತದೆ. ಕಾಯಿಲೆ ಕೂಸಿಗಲ್ಲಮ್ಮ, ನಿಮ್ಮ ತಲೆಗೆ' ಎಂದು ಮಗಳಿಗೆ ನಿದ್ದೆಯ ಮಾತ್ರೆ ಬರೆದುಕೊಟ್ಟ. ಅಲ್ಲಿಗೆ ಒಂದು ವರ್ಷ ಹೋಯಿತು. ಆ ಒಂದು ವರ್ಷವನ್ನು ನೆನೆದರೆ ನನಗೆ ಈಗಲೂ ಅನ್ನ ಸೇರುವುದಿಲ್ಲ.

ಕೊನೆಗೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಕೂಸಿನ ಜೊತೆ ನೆಲದ ಮೇಲೆ ಕೂತು ಬಹಳ ಹೊತ್ತು ಆಟಿಕೆ ಜೋಡಿಸಿದರು, ಮಗಳನ್ನು ಬಿಡಿಸಿ ಬಿಡಿಸಿ ಕೇಳಿದರು. ಸಂಕಲ್ಪ ಹೇಳಿಸಲೇ ಎಂದು ನಾನು ಕೇಳಿದ್ದಕ್ಕೆ 'ಬೇಡ ಸರ್, ಅವಳಾಗಿ ಏನು ಹೇಳ್ತಾಳೆ ನೋಡೋಣ' ಎಂದರು. ಅವಳಾಗಿ ಏನೂ ಹೇಳಲಿಲ್ಲ. ಇದನ್ನು ಆಟಿಸಂ ಅನ್ನುತ್ತಾರೆ, ಕೇಳಿದ್ದನ್ನು ಹಾಗೇ ತಿರುಗಿ ಹೇಳುವುದೂ ಅದರಲ್ಲಿ ಒಂದು ಬಗೆ, ಮಿದುಳು ಬೆಳೆಯುವ ರೀತಿಯೇ ಬೇರೆ, ಗುಣಪಡಿಸುವ ಔಷಧಿಯಿಲ್ಲ, ಆದರೆ ಕಲಿಸಬಹುದು ಎಂದು ವಿವರಿಸಿದರು.

'ಬಸುರಿನಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದೆ' ಎಂದಳು ಮಗಳು.

'ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ನೀವು ಮಾಡಿದ್ದರಿಂದ ಆಗಿದ್ದಲ್ಲ ಇದು.'

ಕಾಯಿಲೆಯ ಹೆಸರಿಗೆ ಅಳದವಳು ಆ ಮಾತಿಗೆ ಅತ್ತಳು. ಬೇಗಾರಿನಲ್ಲಿ ಗ್ರಹಣದ ಮಾತನ್ನು ಯಾರು ಎಷ್ಟು ಸಲ ಎತ್ತಿದ್ದರೋ, ನಾನು ಕೇಳಲಿಲ್ಲ.

ಮಾತು ಕಲಿಸುವವರು ಅದೇ ಆಸ್ಪತ್ರೆಯಲ್ಲಿದ್ದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಘಟ್ಟ ಇಳಿದು ಹತ್ತುವುದು, ಉಳಿದ ದಿನ ಮನೆಯಲ್ಲಿ ತಾಯಿಯೇ ಗುರು. ಮೊದಲು ಕಲಿಸಬೇಕಾದ ಮಾತುಗಳಲ್ಲಿ 'ಬೇಡ' ಒಂದು ಎಂದರು ಅವರು. ಬೇಡ ಎನ್ನಲು ಬಾರದ ಮಗು ಕಚ್ಚಿಕೊಳ್ಳುತ್ತದಂತೆ. ಹಾಗಲಕಾಯಿ ಪಲ್ಯ ಮುಂದಿಡುವುದು, ಅವಳು ತಳ್ಳಿದೊಡನೆ 'ಬೇಡ' ಎಂದು ತಾಯಿ ಹೇಳಿ ತಟ್ಟೆ ತೆಗೆಯುವುದು. ಒಂದು ಮಳೆಗಾಲವಿಡೀ ಆ ಮನೆಯಲ್ಲಿ ಹಾಗಲಕಾಯಿ ಬೆಂದಿತು. ತಿಂದವನು ಅಳಿಯ.

ಬೀಗರಿಗೆ ವಿಷಯ ತಿಳಿಸಿದಾಗ ಅವರು ಕಣ್ಣು ಮುಚ್ಚಿಕೊಂಡು ಗಂಭೀರವಾಗಿ ಕೇಳಿಸಿಕೊಂಡರು.

'ಮಾಷ್ಟ್ರೇ, ಈ ಸುದ್ದಿ ಮನೆ ಬಿಟ್ಟು ಹೊರಗೆ ಹೋಗೋದು ಬೇಡ. ಸಣ್ಣ ಮಾಣಿಗೆ ಹೆಣ್ಣು ನೋಡ್ತಾ ಇದ್ದೇವೆ.'

'ಶಾಲೆಗೆ ಸೇರಿಸಬೇಕಲ್ಲ ಬೀಗರೇ. ಅಲ್ಲಿ ಹೇಳದಿದ್ದರೆ ಹೇಗೆ?'

'ಮದುವೆ ಒಂದು ಕಳೀಲಿ ಮಾರಾಯ್ರೇ. ಶಾಲೆ ಎಂತ ಓಡಿಹೋಗ್ತದಾ?'

ಶಾಲೆ ಓಡಿಹೋಗುವುದಿಲ್ಲ. ಕೂಸಿನ ವಯಸ್ಸು ಓಡುತ್ತದೆ. ಇದನ್ನೂ ನಾನು ಬಸ್ಸು ಹತ್ತಿದ ಮೇಲೆ, ಕಿಟಕಿಗೆ ಹೇಳಿದೆ.

ಸಣ್ಣ ಮಾಣಿ ಎಂದರೆ ಬೀಗರ ಕಿರಿಮಗ. ಅದೇ ವರ್ಷ ಅವನಿಗೆ ನೋಡಿದ್ದ ಹೆಣ್ಣಿನ ಕಡೆಯವರು ಬೇಗಾರಿಗೆ ಮನೆ ನೋಡಲು ಬಂದರು. ಹುಡುಗನ ಮನೆಯ ಬಾವಿ, ದನದ ಕೊಟ್ಟಿಗೆ, ಜನರ ನಡತೆ ಇವನ್ನೆಲ್ಲ ಕೇಸರಿಬಾತು ತಿನ್ನುತ್ತ ಪರೀಕ್ಷಿಸುವ ಶಾಸ್ತ್ರ ಅದು. ನನಗೂ ಆಹ್ವಾನವಿತ್ತು. ಬಾವಿ, ಕೊಟ್ಟಿಗೆ ತೇರ್ಗಡೆಯಾದವು. ಆಗ ಬೀಗರು ಮಣೆ ತರಿಸಿದರು. ಮಗಳ ಮುಖ ಬಿಳಿಚಿತು.

'ಮಾವಯ್ಯ, ಅವಳಿಗೆ ಜನ ಜಾಸ್ತಿಯಾದರೆ ಆಗೋದಿಲ್ಲ.'

'ನೀನು ಸುಮ್ಮನಿರು. ಹೇಳು ಕೂಸೇ, ಸಂಕಲ್ಪ ಹೇಳು.'

ಕೂಸು ಜಗಲಿಯ ತುಂಬ ಇದ್ದ ಮುಖಗಳ ಆಚೆ ಎಲ್ಲೋ ನೋಡಿತು. ಮುಂಗೈ ಬಾಯಿಯ ತನಕ ಹೋಯಿತು, ನಿಂತಿತು. ಆಮೇಲೆ ಬೀಗರ ಮೊಣಕಾಲನ್ನು ಅಂಗೈಯಿಂದ ತಳ್ಳಿ ಹೇಳಿತು, 'ಬೇಡ.'

ಯಾರ ಧಾಟಿಯೂ ಅಲ್ಲ ಅದು. ಅವಳದೇ ಗಂಟಲು, ಸ್ವಲ್ಪ ಒರಟು.

ಬೀಗರು ನಕ್ಕರು. 'ನಾಚಿಕೆ. ಹೇಳು ಪುಟ್ಟಾ.' ಎತ್ತಿ ಮಣೆಯ ಮೇಲೆ ಕೂರಿಸಿದರು. 'ಬೇಡ.' ಎರಡು ಭುಜವನ್ನೂ ಒತ್ತಿ ಹಿಡಿದರು. 'ಬೇಡ.' ಬಂದವರಲ್ಲಿ ಯಾರೋ ಕಿಸಕ್ಕೆಂದರು. ಬೀಗರು ಸೊಸೆಯ ಕಡೆ ತಿರುಗಿದರು.

'ಇದನ್ನಾ ನೀನು ಕಲಿಸಿದ್ದು? ದೊಡ್ಡವರ ಮಾತಿಗೆ ಬೇಡ ಅನ್ನೋದನ್ನಾ?'

ಕೇಸರಿಬಾತಿನ ತಟ್ಟೆಯನ್ನು ನಾನು ಬಹಳ ಜೋಪಾನವಾಗಿ ಕೆಳಗಿಟ್ಟೆ.

'ಹೌದು, ಅದನ್ನೇ ಕಲಿಸಿದ್ದು' ಎಂದೆ. 'ನಿಮ್ಮ ಸಂಕಲ್ಪ ಕಲಿಯಲಿಕ್ಕೆ ಅವಳಿಗೆ ಒಂದು ದಿನ ಸಾಕಾಯ್ತು. ಇದಕ್ಕೆ ಒಂದು ಮಳೆಗಾಲ ಬೇಕಾಯ್ತು. ಕೂಸಿಗೆ ಆಟಿಸಂ ಉಂಟು. ಕೈ ತೆಗೀರಿ ಅವಳ ಮೇಲಿಂದ.'

ಹೈಸ್ಕೂಲಿನ ಗಂಟಲು ವಾಪಸು ಬಂದಿತ್ತು. ಕೊಟ್ಟಿಗೆಯಲ್ಲಿ ದನ ಕೂಡ ಎದ್ದು ನಿಂತಿರಬೇಕು. ತಂದೆಯ ಎದುರು ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ನನ್ನ ಅಳಿಯ ಎದ್ದು ಬಂದು, ಆಗಲೂ ತುಟಿ ಬಿಚ್ಚದೆ, ಕೂಸನ್ನು ಎತ್ತಿಕೊಂಡು ಅಂಗಳ ದಾಟಿದ. ಹಿಂದೆಯೇ ಮಗಳು. ಹೆಣ್ಣಿನ ತಂದೆ ಗಂಟಲು ಸರಿಮಾಡಿಕೊಂಡು ವಿನಯದಿಂದ ಕೇಳಿದರು, 'ಇದು ವಂಶದಲ್ಲಿ ಬರುವಂಥದ್ದಾ?' ನಾನು ಚಪ್ಪಲಿ ಹುಡುಕತೊಡಗಿದೆ.

ವಾರದೊಳಗೆ ಜಾತಕ ಕೂಡುವುದಿಲ್ಲವೆಂದು ಫೋನು ಬಂತಂತೆ. ಮನೆ ನೋಡುವ ಮುಂಚೆ ಚೆನ್ನಾಗಿಯೇ ಕೂಡಿದ್ದ ಗ್ರಹಗಳು ಕೇಸರಿಬಾತು ಅರಗುವಷ್ಟರಲ್ಲಿ ಜಾಗ ಬದಲಿಸಿದ್ದವು. ಸಣ್ಣ ಮಾಣಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು, ಸುಖವಾಗಿದ್ದಾನೆ. ನಮಗೆ ಕರೆಯಿರಲಿಲ್ಲ.

ಗುಟ್ಟು ಒಡೆದ ಮೇಲೆ ಮಗಳಿಗೆ ಅಂಜಿಕೆ ಉಳಿಯಲಿಲ್ಲ. ನರಸಿಂಹರಾಜಪುರದಲ್ಲಿ ಎರಡು ಶಾಲೆಗಳು 'ಬೇರೆ ಮಕ್ಕಳ ತಂದೆತಾಯಿ ಒಪ್ಪುವುದಿಲ್ಲ' ಎಂದವು. ಮೂರನೆಯದು ತಾಯಿ ಪಕ್ಕದಲ್ಲಿ ಕೂರುವುದಾದರೆ ಆಗಬಹುದು ಎಂದಿತು. ಇಷ್ಟೇ ಎತ್ತರದ ಬೆಂಚಿನಲ್ಲಿ ಮಂಡಿ ಮಡಚಿ ಕೂತು ನನ್ನ ಮಗಳು ಎರಡನೆಯ ಸಲ ಒಂದನೇ ಕ್ಲಾಸು ಓದಿದಳು. ಕೂಸು ಸಂಕಲ್ಪವನ್ನು ಈಗಲೂ ಹೇಳುತ್ತದೆ, ಬೇಕೆನಿಸಿದಾಗ, ಗೋಡೆಯ ಕಡೆ ಮುಖ ಮಾಡಿ, ತನ್ನ ಸಮಾಧಾನಕ್ಕೆ.

ಬೀಗರು ಮಾತ್ರ ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ, ದೈವದತ್ತ ವಿದ್ಯೆಯನ್ನು ಆಸ್ಪತ್ರೆಯವರು ಹಾಳುಮಾಡಿದರು ಎಂದು. ಜನ ನಂಬಿದ್ದಾರೆ. ಹರಿಹರಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೊನ್ನೆ ಕೂಡ ಪರಿಚಯದವರೊಬ್ಬರು ಮರುಕದಿಂದ ವಿಚಾರಿಸಿದರು, 'ಮಾಷ್ಟ್ರೇ, ಕೂಸಿನ ಬಾಯಲ್ಲಿ ಸಂಕಲ್ಪ ನಿಂತೇ ಹೋಯ್ತಂತಲ್ಲ?' ಅವಳು ಯಾವ ಶಾಲೆಗೆ ಹೋಗುತ್ತಾಳೆ, ಊಟ ಸೇರುತ್ತದೆಯೇ, ಮುಂಗೈಯ ಗಾಯ ಮಾಯಿತೇ ಎಂದು ಒಬ್ಬನೇ ಒಬ್ಬ ಕೇಳಿದ್ದಿಲ್ಲ. ಬಸ್ಸು ಬಂತು. ಹತ್ತಿದೆ.