ಇದ್ದಂಗಕ್ಕ ಮತ್ತು ಅತಿಶಯೋಕ್ತಿ

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆ ಆಯಾಳನ್ನು ಎಲ್ಲರೂ ಕರೆಯುವುದು ಇದ್ದಂಗಕ್ಕ ಎಂದೇ. ಕೆಲಸಕ್ಕೆ ಸೇರಿದ ದಿನ ದೊಡ್ಡ ಸಿಸ್ಟರ್ ಒಂದೇ ಮಾತು ಹೇಳಿಕೊಟ್ಟಿದ್ದರು: "ರೋಗಿ ಏನಂದ್ರೋ ಅದನ್ನ ಇದ್ದಂಗೇ ಬಂದು ಹೇಳು. ಉಪ್ಪು ಖಾರ ಹಚ್ಚಬೇಡ." ಇಪ್ಪತ್ತಾರು ವರ್ಷವಾಯಿತು, ಆಕೆ ಹಚ್ಚಿಲ್ಲ. ಬೆಡ್‌ಪ್ಯಾನ್ ತೊಳೆದು, ಹಾಸಿಗೆ ಬಟ್ಟೆ ಬದಲಿಸಿ, ನಡುವೆ ನರ್ಸುಗಳ ಮೇಜಿನ ಮುಂದೆ ನಿಂತು ಒಪ್ಪಿಸುತ್ತಾಳೆ: "ಎರಡನೇ ಮಂಚದವರ ಮಂಡಿ ತುಕ್ಕು ಹಿಡಿದ ಬಾಗಿಲ ಥರ ಕಿರುಗುಟ್ತಿದೆಯಂತೆ. ಐದನೆಯವರ ಹೊಟ್ಟೆ ಅವರ ಜೊತೆ ಜಗಳ ಆಡ್ತಿದೆಯಂತೆ." ಕೇಳಿದವರಿಗೆ ನಗು ಬರುತ್ತದೆ, ಆದರೆ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ವರದಿ ಸಿಗುವುದಿಲ್ಲ.

ಐವತ್ತು ದಾಟಿದ ಮೇಲೆ ಆಕೆಗೊಂದು ಆಸೆ ಹುಟ್ಟಿತು. ಆಯಾಗಳ ಮೇಲ್ವಿಚಾರಕಿ ಇನ್ನು ಮೂರು ವರ್ಷಕ್ಕೆ ನಿವೃತ್ತಳಾಗುತ್ತಾಳೆ. ಆ ಜಾಗ ತನಗೆ ಬೇಕು. ಕೆಲಸದಲ್ಲಿ ಆಕೆಯನ್ನು ಮೀರಿಸುವವರಿಲ್ಲ, ಆದರೆ ಹತ್ತನೇ ತರಗತಿ ಪಾಸಾಗಿರಲೇಬೇಕಂತೆ. ಉಳಿದ ವಿಷಯಗಳನ್ನೆಲ್ಲ ಆಕೆ ಮನೆಯಲ್ಲೇ ಓದಿ ದಾಟಿದಳು. ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ, ಅದರಲ್ಲೂ ಅಲಂಕಾರಗಳು.

ಮೊದಲ ಸಲ 'ಅವನ ಹೃದಯ ಕಲ್ಲು' ಎಂಬ ಸಾಲು ಕೊಟ್ಟು ಇದು ಯಾವ ಅಲಂಕಾರ ಎಂದು ಕೇಳಿದ್ದರು. ಕಲ್ಲು ಹೃದಯದಲ್ಲಿ ಆಗುವುದಿಲ್ಲ, ಮೂತ್ರಪಿಂಡದಲ್ಲಿ ಆಗುತ್ತದೆ, ಸ್ಕ್ಯಾನ್ ಮಾಡಿಸಿ ಎಂದು ಬರೆದು ಬಂದಳು. ಎರಡನೆಯ ಸಲ 'ಗಾಳಿ ಕಿಟಕಿಯಲ್ಲಿ ಪಿಸುಗುಟ್ಟಿತು' ಎಂದಿತ್ತು. ಕಿಟಕಿ ಮುಚ್ಚಿ ಎಂದು ಬರೆದಳು. ಎರಡು ಸಲವೂ ಫೇಲು.

ಸ್ಕೂಲ್ ಟೀಚರಾಗಿರುವ ಮಗಳು ಅಡುಗೆಮನೆಯಲ್ಲಿ ಪುಸ್ತಕ ಹಿಡಿದು ಕೂತಳು.

"ಅಮ್ಮಾ, ಅದು ನಿಜವಾದ ಕಲ್ಲಲ್ಲ! ಅವನಿಗೆ ಕರುಣೆ ಇಲ್ಲ ಅಂತ ಅರ್ಥ."

"ಹಾಗಂತ ಬರೆಯೋಕೆ ಅವರಿಗೇನು ದಾಡಿ?"

ಮಗಳು ಹಣೆ ಹಣೆ ಚಚ್ಚಿಕೊಂಡಳು. ಆಮೇಲೆ ಏನೋ ಹೊಳೆದು ಅವಳ ಮುಖ ಅರಳಿತು. "ಮಂಡಿ ತುಕ್ಕು ಹಿಡಿದ ಬಾಗಿಲ ಥರ ಅಂತ ದಿನಾ ಹೇಳ್ತೀಯಲ್ಲ, ಅದೇ ಸಿಮಿಲಿ, ಅಂದ್ರೆ ಉಪಮೆ. ಹೊಟ್ಟೆ ಜಗಳ ಆಡಿದ್ರೆ ಪರ್ಸಾನಿಫಿಕೇಶನ್. ಕಡ್ಡೀನ ಗುಡ್ಡ ಮಾಡಿದ್ರೆ ಹೈಪರ್ಬೊಲಿ, ಅಂದ್ರೆ ಅತಿಶಯೋಕ್ತಿ."

"ಅಯ್ಯೋ ಶಿವನೇ! ಹಾಗಾದ್ರೆ ನಮ್ಮ ವಾರ್ಡಿನವರೆಲ್ಲ ಇಂಗ್ಲಿಷ್ ಪಂಡಿತರೇ ಅನ್ನು!"

ಆಮೇಲೆ ಆಕೆಯನ್ನು ಹಿಡಿಯುವವರೇ ಇಲ್ಲ. ಸೊಂಟ ನೂರು ಚೂರಾಗಿದೆ ಎಂದು ಒಬ್ಬ ಅಜ್ಜಿ ನರಳಿದರೆ, "ಹೈಪರ್ಬೊಲಿ ಕಣಜ್ಜಿ, ಸ್ವಲ್ಪ ಕಮ್ಮಿ ಮಾಡ್ಕೋ" ಎನ್ನುತ್ತ ಬೆನ್ನಿಗೆ ದಿಂಬು ಕೊಡುತ್ತಿದ್ದಳು. ಅಜ್ಜಿಯೂ ನೋವು ಮರೆತು ನಗುತ್ತಿದ್ದಳು. ಪರೀಕ್ಷೆಯ ಹೊತ್ತಿಗೆ ಇಡೀ ವಾರ್ಡಿಗೆ ಅಲಂಕಾರಗಳು ಬಾಯಿಪಾಠವಾಗಿದ್ದವು.

ಮೂರನೆಯ ಸಲ ಪ್ರಶ್ನೆಪತ್ರಿಕೆ ನೋಡಿ ಆಕೆಗೆ ಖುಷಿಯೋ ಖುಷಿ. ನಾಲ್ಕು ಅಲಂಕಾರಗಳನ್ನು ನೀರು ಕುಡಿದಷ್ಟು ಸುಲಭವಾಗಿ ಬರೆದಳು. ಐದನೆಯದು: 'ನನ್ನ ಎದೆಯ ಮೇಲೆ ಆನೆ ಕೂತಿದೆ.' ಪೆನ್ನು ಅಲ್ಲೇ ನಿಂತಿತು.

ಉತ್ತರ ಗೊತ್ತಿತ್ತು. ಆದರೆ ಮೂರು ವರ್ಷದ ಹಿಂದೆ ಏಳನೇ ಮಂಚದಲ್ಲಿದ್ದ ತರಕಾರಿ ಮಾರುವ ಹೆಂಗಸು ಅಕ್ಷರಶಃ ಇದನ್ನೇ ಹೇಳಿದ್ದಳು. ಬೆನ್ನು ಉಳುಕಿದೆ ಎಂದು ಸೇರಿದ್ದವಳು ಆಕೆ. ಹೊಸ ನರ್ಸೊಬ್ಬಳು, "ಆನೆ ವಿಸಿಟರ್ ಪಾಸ್ ತಗೊಂಡು ಒಳಗೆ ಬಂತಾ?" ಎಂದು ನಕ್ಕಿದ್ದಳು. ಇದ್ದಂಗಕ್ಕ ಮಾತ್ರ ಓಡಿಹೋಗಿ ಡಾಕ್ಟರಿಗೆ ಇದ್ದಂಗೇ ಹೇಳಿದ್ದಳು. ಹೃದಯಾಘಾತ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದಿದ್ದರು ಡಾಕ್ಟರು.

ಪಾಸಾಗಬೇಕೆಂಬ ಆಸೆಯೂ ಬಲವಾಗಿತ್ತು. ಕೊನೆಗೆ ತನಗೆ ಬಂದ ಇಂಗ್ಲಿಷಿನಲ್ಲಿ ಬರೆದಳು: ಇದು ಅತಿಶಯೋಕ್ತಿ ಅಲ್ಲ. ಬೇಗ ಡಾಕ್ಟರನ್ನು ಕರೆಯಿರಿ.

ಪಾಸಾಗಲು ಮೂವತ್ತೈದು ಬೇಕಿತ್ತು. ಬಂದದ್ದು ಮೂವತ್ತನಾಲ್ಕು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೇಸರವಾಗಿತ್ತು, ಇಲ್ಲವೆನ್ನಲಿಲ್ಲ. ಮಗಳು ಮಾತ್ರ ಸಿಡಿಮಿಡಿಗೊಂಡಳು. "ಒಂದೇ ಒಂದು ಅಂಕ ಅಮ್ಮಾ! ಉತ್ತರ ಗೊತ್ತಿದ್ದೂ ಕೈಯಾರೆ ಕಳ್ಕೊಂಡೆಯಲ್ಲ!"

"ಏನ್ಮಾಡ್ಲಿ? ಒಂದು ಅಂಕಕ್ಕೋಸ್ಕರ, ಆ ಏಳನೇ ಮಂಚದವಳು ಹೇಳಿದ್ದು ಸುಳ್ಳು ಅಂತ ಬರೀಲಾ?"

ಮಗಳು ಮೆಲ್ಲಗೆ ಕೇಳಿದಳು, "ಇನ್ನಾರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆ. ಅದೇ ಪ್ರಶ್ನೆ ಮತ್ತೆ ಬಂದ್ರೆ?"

"ಬರ್ಲಿ. ಅದೇ ಉತ್ತರ ಬರೀತೀನಿ," ಎಂದು ತಾಯಿ ಪುಸ್ತಕ ತೆರೆದಳು. "ಆ ಒಂದು ಅಂಕಾನ ಬೇರೆ ಎಲ್ಲಿಂದ ತರಬಹುದು, ಅದನ್ನ ಹೇಳ್ಕೊಡು ಬಾ."