ನಾರಾಯಣಪ್ಪನವರು ಬರೆದ ಕೊಂಬುಗಳು

ನಾರಾಯಣಪ್ಪನವರು ಯಾರನ್ನಾದರೂ "ಚೆನ್ನಾಗಿದ್ದೀರಾ?" ಎಂದು ಕೇಳಿದ್ದನ್ನು ನಾನು ಕಂಡವಳಲ್ಲ. ಅಂಗಡಿಯ ಮೆಟ್ಟಿಲು ಹತ್ತಿದವರಿಗೆಲ್ಲ ಅವರದು ಒಂದೇ ಪ್ರಶ್ನೆ: "ಕರ ಆಕ್ತಾ?" ಬಂಗಾರಪೇಟೆಯ ಆ ಬೂಸಾ-ಹಿಂಡಿ ಅಂಗಡಿಗೆ ಬರುವವರೆಲ್ಲ ಹಸುವೋ ಎಮ್ಮೆಯೋ ಕಟ್ಟಿದವರೇ ಆದ್ದರಿಂದ, ಕರು ಹಾಕಿತಾ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನನಗೆ ಮದುವೆಯಾಗಿ ಆರು ತಿಂಗಳು. ಮೊದಲ ದಿನ ಬಾಯಿತಪ್ಪಿ ನನ್ನನ್ನೂ ಹಾಗೇ ಕೇಳಿಬಿಟ್ಟರು. ಕೇಳಿ, ನಾಲಗೆ ಕಚ್ಚಿಕೊಂಡು, ನಶ್ಯದ ಡಬ್ಬಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋದವರು ಐದು ನಿಮಿಷ ಮೇಲೆ ಬರಲಿಲ್ಲ.

ಅದು ತೊಂಬತ್ತರ ದಶಕದ ಶುರು. ನಾನು ದಿನಾ ಊರಿಗಾಂನಿಂದ ರೈಲಿನಲ್ಲಿ ಬರುತ್ತಿದ್ದೆ. ಕಂಪ್ಯೂಟರ್ ಕಲಿತ ಸರ್ಟಿಫಿಕೇಟು ಒಂದಿತ್ತು, ಅದಕ್ಕಿಂತ ದೊಡ್ಡದಾದ ಜಂಬವೂ ಇತ್ತು. ಸಾಹುಕಾರರು ನನ್ನೆದುರಿಗೇ ನಾರಾಯಣಪ್ಪನವರಿಗೆ ಹೇಳಿದರು: "ಈಯಮ್ಮ ಖಾತೆಯೆಲ್ಲಾ ಮಿಷನ್ನಿಗೆ ಏರಿಸಿ ತಿಂಗಳ ಬಿಲ್ಲು ಸರಿಯಾಗಿ ತೆಗೆದುಬಿಟ್ರೆ, ನೀವಿನ್ನು ಆರಾಮಾಗಿ ಮನೇಲಿರಬಹುದು."

"ಮನೇಲಿ ಏನ್ ಮಾಡ್ಲಿ ಸಾಮಿ, ಎಂಡ್ರು ಜತೆ ಜಗಳನಾ?" ಎಂದರು ನಾರಾಯಣಪ್ಪನವರು. ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಲೆಕ್ಕ ಬರೆದ ಮನುಷ್ಯ. ಆ ಸ್ಟೂಲು ಹೋಗುವುದು ನನ್ನ ಕೈಯಿಂದ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಅಯ್ಯೋ ಅನ್ನಿಸಿತು, ನಿಜ. ಆದರೆ ನನ್ನ ಸಂಬಳವೂ ನನಗೆ ಬೇಕಿತ್ತು.

ಅವರು ಕಂಪ್ಯೂಟರನ್ನು ಕೊನೆಯವರೆಗೂ 'ಟೀವಿ' ಎಂದೇ ಕರೆದರು. ಧೂಳಾಗುತ್ತದೆಂದು ಸಾಹುಕಾರರು ಅದರ ಹತ್ತಿರ ಚಪ್ಪಲಿ ಬಿಡಿಸಿದ ದಿನ, "ಮಂಗಳಾರತಿ ಎಷ್ಟೊತ್ತಿಗೆ ಸಾಮಿ?" ಎಂದು ಕೈಮುಗಿದು ನಿಂತರು. ನಾನು ಕೀಲಿ ಒತ್ತುವಾಗ ಹಿಂದೆ ಬಂದು ಬಗ್ಗಿ ನೋಡಿ, "ಈ ಟೀವೀಲಿ ಒಂದು ಸಿನಿಮಾ ಆಡೂ ಬರಲ್ವೇನಮ್ಮಣ್ಣಿ?" ಎಂದು ಕೇಳುವರು. ಅವರ ನಶ್ಯಕ್ಕೆ ನಾನು ಸೀನುತ್ತಿದ್ದೆ, ಎಣಿಸಿಟ್ಟದ್ದು ಮರೆತು ಮತ್ತೆ ಮೊದಲಿಂದ ಶುರು.

ಅವರ ಖಾತೆ ಪುಸ್ತಕದಲ್ಲಿ ಹೆಚ್ಚುಕಡಿಮೆ ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲಿನ ಗೀಟುಗಳಿದ್ದವು. ಒಂದು ಕಡೆ ಬಾಗಿದ್ದು, ಒಂದು ಕಡೆ ಮೊಂಡು, ಒಂದು ಕಡೆ ಸುರುಳಿ. ಕೆಲಸವಿಲ್ಲದಾಗ ಗೀಚಿದ್ದಾರೆ ಎಂದುಕೊಂಡೆ. ಮುನಿವೆಂಕಟಪ್ಪ ಎಂಬ ಹೆಸರಿನಲ್ಲಿ ಏಳು ಪುಟ ಸಿಕ್ಕವು. ಎರಡನೆಯದನ್ನು ಏರಿಸಲು ಹೋದರೆ ಕಂಪ್ಯೂಟರು, ಈ ಹೆಸರು ಆಗಲೇ ಇದೆ ಎಂದಿತು. ಮುದುಕರು ಮರೆತು ಮರೆತು ಒಬ್ಬನಿಗೇ ಏಳು ಖಾತೆ ತೆರೆದಿದ್ದಾರೆ, ಪಾಪ, ಎಂದು ಏಳನ್ನೂ ಒಟ್ಟು ಹಾಕಿದೆ. ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಸರ್ಟಿಫಿಕೇಟಿನ ಮಾನ ಏನಾಗಬೇಕು?

ಬಿಲ್ಲು ಹೋಯಿತು. ಮೂರನೇ ದಿನ ಬೇತಮಂಗಲದ ಬಸ್ಸಿಳಿದು ಒಬ್ಬಾತ ಬಂದ. ಕೈಯಲ್ಲಿ ಮಡಿಕೆ ಮಡಿಕೆಯಾಗಿ ನೆಲಕ್ಕೆ ಎಳೆದಾಡುವಷ್ಟು ಉದ್ದದ ಬಿಲ್ಲು.

"ನಾನು ಮುನಿವೆಂಕಟಪ್ಪ. ನಂದು ಒಂದೇ ಒಂದು ಎಮ್ಮೆ ಕಣ್ರಪ್ಪಾ! ಇಷ್ಟು ಬೂಸಾ ತಿಂದಿದ್ರೆ ಇಷ್ಟೊತ್ಗೆ ಅದು ಆನೆ ಆಗಿರ್ಬೇಕಿತ್ತು!"

ನಾರಾಯಣಪ್ಪನವರು ಬಿಲ್ಲು ಇಸಕೊಂಡು ಓದಿದರು. "ಸರಿಪೋಯಿಂದಿ!" ಎಂದು ತೆಲುಗಿನಲ್ಲಿ ಕೂಗಿ, "ಏಳು ಜನದ್ದು ಒಬ್ಬನ ತಲೆಗೆ!" ಎನ್ನುತ್ತ ಹಿಂಡಿ ಮೂಟೆಯ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಸಾಹುಕಾರರು ನಗಲಿಲ್ಲ. "ನಾಳೆಯಿಂದ ನೀನು ಬರೋದು ಬೇಡಮ್ಮ," ಎಂದರು. ನಾರಾಯಣಪ್ಪನವರು ಸುಮ್ಮನಿದ್ದರೆ ಸಾಕಿತ್ತು. ನಾನು ಮನೆಗೆ, ಅವರು ಸ್ಟೂಲಿಗೆ.

ಅವರು ಕಣ್ಣೊರೆಸಿಕೊಂಡು ಎದ್ದರು. "ಒಂದು ಮಧ್ಯಾಹ್ನ ಟೈಮ್ ಕೊಡಿ ಸಾಮಿ. ಉಡುಗೀದೇನೂ ತಪ್ಪಿಲ್ಲ. ಕೊಂಬು ಓದಾದು ಯಾವ ಇಸ್ಕೂಲಲ್ಲಿ ಏಳ್ಕೊಡ್ತಾರೆ?"

ಆಗ ತಿಳಿಯಿತು, ಆ ಗೀಟುಗಳೆಲ್ಲ ಅವರವರ ದನದ ಕೊಂಬು. ಮೊಂಡುಕೊಂಬು ಎಂದರೆ ಈ ಬೇತಮಂಗಲದವನು. ಸುರುಳಿಕೊಂಬು ರೈಲ್ವೆ ಗೇಟಿನಾಚೆಯವನು. ಗೀಟೇ ಇಲ್ಲದಿದ್ದರೆ ಬೋಳು ಸೀಮೆಹಸು. ಒಂದು ಪುಟದಲ್ಲಿ ಹಿಂಡಿ ಒಮ್ಮೆಗೇ ಎರಡರಷ್ಟಾಗಿತ್ತು. ಇದು ತಪ್ಪಿರಬೇಕು ಎಂದೆ, ಜಾಣೆ. "ಕರ ಆಕಿತ್ತಲ್ಲಮ್ಮಣ್ಣಿ! ಬಾಣಂತಿಗೆ ಬರೀ ಗಂಜಿ ಕುಡಿಸ್ತಾರಾ?" ಎಂದರು. ದಿನಾ ಎಲ್ಲರನ್ನೂ ಅವರು ಕೇಳುತ್ತಿದ್ದ ಆ ಪ್ರಶ್ನೆ ಬರೀ ಉಪಚಾರದ ಮಾತಲ್ಲ, ಯಾರಿಗೆ ಎಷ್ಟು ಮೂಟೆ ಹೋಗಬೇಕು ಎಂಬ ಲೆಕ್ಕ. ನನಗೆ ನಾಚಿಕೆಯಾಯಿತು. ಏಳು ಜನರನ್ನೂ ಕೊಂಬಿನ ಹೆಸರು ಸೇರಿಸಿ ಬೇರೆ ಬೇರೆ ಏರಿಸಿದೆ.

ಸಂಜೆ ಸಾಹುಕಾರರು ಬಂದರು. "ಈಗ ಬಿಲ್ಲು ಸರಿ ತಾನೆ? ಹಂಗಾದ್ರೆ ನಾರಾಯಣಪ್ಪನವರು ಇನ್ನು..."

"ಇಲ್ಲ ಸಾರ್," ಎಂದು ನಾನು ನಡುವೆ ಬಾಯಿ ಹಾಕಿದೆ. "ಯಾರು ಎಮ್ಮೆ ಮಾರಿದ್ರು, ಯಾರದು ಕರು ಹಾಕ್ತು ಅಂತ ಇವರು ಹೇಳದಿದ್ರೆ ಮುಂದಿನ ತಿಂಗಳೂ ಆನೆಗೇ ಬಿಲ್ಲು."

ನಾರಾಯಣಪ್ಪನವರು ನಶ್ಯದ ಡಬ್ಬಿಯನ್ನು ನನ್ನ ಕಡೆ ಚಾಚಿದರು.

ಆ ಸ್ಟೂಲು ಕಂಪ್ಯೂಟರಿನ ಪಕ್ಕಕ್ಕೆ ಬಂತು. ಮೂರು ವರ್ಷ ಇಬ್ಬರೂ ಕಿತ್ತಾಡಿಕೊಂಡೇ ಕೆಲಸ ಮಾಡಿದೆವು. "ಸುರುಳಿಕೊಂಬು ಮಾರ್ಬಿಟ್ಟವ್ನೆ, ಎಸ್ರು ಅಳಿಸು," ಎನ್ನುತ್ತ ಮೆಟ್ಟಿಲಲ್ಲೇ ಕೂಗುತ್ತಿದ್ದರು. ಒಂದು ಸೋಮವಾರ ಅವರು ಬರಲಿಲ್ಲ. ರಾತ್ರಿ ಮಲಗಿದವರು ಏಳಲಿಲ್ಲವಂತೆ.

ಬಸ್ಸು ಹಿಡಿದು ಅವರ ಊರಿಗೆ ಹೋದೆ. ಜಗಲಿಯ ತುದಿಯಲ್ಲಿ ಬೇತಮಂಗಲದ ಮುನಿವೆಂಕಟಪ್ಪ ಬಾಯಿಗೆ ಟವಲು ಒತ್ತಿಕೊಂಡು ಕೂತಿದ್ದ. ಸಮಾಧಾನದ ಮಾತು ಏನಾದರೂ ಆಡಬೇಕೆಂದು ಹತ್ತಿರ ಹೋದೆ. ಆ ಸಾವಿನ ಮನೆಯಲ್ಲಿ, ಅಷ್ಟು ಜನರ ನಡುವೆ, ನನ್ನ ಬಾಯಿಂದ ಬಂದದ್ದು, "ಕರ ಆಕ್ತಾ?"

ನಾಲಗೆ ಕಚ್ಚಿಕೊಂಡೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ.

"ಊಂ ಕಣಮ್ಮ, ನೆನ್ನೆ. ಎಣ್ಣು ಕರ. ಅದ್ನೇ ಏಳಾನಾ ಅಂತ ಬೆಳಗ್ಗೆ ಅಂಗ್ಡಿಗ್ ಓದ್ರೆ, ಸ್ಟೂಲು ಖಾಲಿ. ಇನ್ ಯಾರ್ಗಮ್ಮ ಏಳ್ಲಿ?"

"ನಂಗೇ ಹೇಳಪ್ಪ," ಎಂದು ಪಕ್ಕದಲ್ಲಿ ಕೂತು ಅತ್ತೆ.