ಫ್ಯೂಸಿನ ಜಾಗಕ್ಕೆ ಕಟ್ಟಿದ ಬಲ್ಬು

ಇದು ನಡೆದದ್ದು. ಯಾರು ಎಲ್ಲಿ ನಿಂತಿದ್ದರು, ಯಾವ ಮಾತು ಮೊದಲು ಬಂತು ಎಂಬುದನ್ನು ನಾನು ಒಂದೊಂದು ಸಲ ಒಂದೊಂದು ರೀತಿ ಹೇಳಿರಬಹುದು. ನೆನಪು ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತದೆ, ಅದನ್ನು ನಾನು ನಂಬುವುದಿಲ್ಲ. ಆದರೆ ಬಲ್ಬು ಉರಿದದ್ದನ್ನು ನಾನು ನೋಡಿದ್ದೇನೆ.

ಚಂದಾಪುರದಲ್ಲಿ ನನ್ನದು ಬೈಕ್ ವೈರಿಂಗ್ ಕೆಲಸ. ಗೆಳೆಯ ಶರಣಪ್ಪ ಒಂದು ರಾತ್ರಿ ಕೊಡ್ಲಿಗೆ ಹೋಗುವ ರಸ್ತೆಯಲ್ಲಿ ಸತ್ತ. ಯಾವುದೋ ಗಾಡಿ ಹಿಂದಿನಿಂದ ಗುದ್ದಿ, ನಿಲ್ಲದೆ ಹೋಗಿತ್ತು. ಯಾರ ಗಾಡಿ ಎಂದು ಪೊಲೀಸರಿಗೂ ತಿಳಿದಿರಲಿಲ್ಲ. ಅವನ ಬೈಕು ಠಾಣೆಯಿಂದ ಮನೆಗೆ ಬಂದ ಮೇಲೆ ಅವನ ಹೆಂಡತಿ ಮಹಾದೇವಿ, ನನಗೆ ವೈನಿ, ಅಂದರೆ ಅತ್ತಿಗೆಯ ಹಾಗೆ, ನನ್ನನ್ನು ಕರೆಸಿದರು.

"ಚಾಲೂ ಮಾಡಿ ಕೊಡ್ರಿ ಅಣ್ಣಾ. ಆ ರೋಡಿನ ಮ್ಯಾಗ ಒಂದೊಂದ್ ಮನಿ ಕೇಳೋದದ. ಅಂವ ಯಾರಂತ ನಂಗ ಬೇಕು."

ಅಳಲಿಲ್ಲ. ಕೊತ್ತಂಬರಿ ಸೋಸುತ್ತ ಕುಳಿತಿದ್ದರು.

ಫ್ಯೂಸ್ ಹಾಕಿದರೆ ಹಾಕಿದ ಹಾಗೆ ಸುಟ್ಟು ಹೋಗುತ್ತಿತ್ತು. ಎಲ್ಲೋ ಶಾರ್ಟ್. ಇಂಥದ್ದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಫ್ಯೂಸ್ ತೆಗೆದು ಆ ಜಾಗಕ್ಕೆ ಒಂದು ಬಲ್ಬು ಕಟ್ಟುತ್ತೇವೆ. ಶಾರ್ಟ್ ಇರುವ ತನಕ ಅದು ಜೋರಾಗಿ ಉರಿಯುತ್ತದೆ. ಒಂದೊಂದೇ ವೈರು ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ ಬಲ್ಬು ಆರುತ್ತದೋ, ಕೆಟ್ಟಿರುವುದು ಅಲ್ಲಿ.

ಅಂದು ಸಂಜೆಯೇ ಓಣಿಯ ಕರೆಂಟು ಹೋಗಿತ್ತು. ಕಲ್ಲಿನ ಅಂಗಳದಿಂದ ಇನ್ನೂ ಬಿಸಿ ಏಳುತ್ತಿತ್ತು. ಮೂಗಿಗೆ ಸುಟ್ಟ ವೈರಿನ ವಾಸನೆ... ಬಲ್ಬು ಕಟ್ಟಿದೆ. ಉರಿಯಲಿಲ್ಲ. ಹ್ಯಾಂಡಲ್ ತಿರುಗಿಸಿದೆ, ಸೀಟು ಅಲ್ಲಾಡಿಸಿದೆ. ಇಲ್ಲ.

ಆಗ ನಾಗಣ್ಣ ಒಳಗೆ ಬಂದ. ಹಿಂದಿನ ಓಣಿಯವನು, ಸರಕು ಸಾಗಿಸುವ ಪಿಕಪ್ ಗಾಡಿ ಇಟ್ಟವನು. ಆಸ್ಪತ್ರೆಯಿಂದ ಶರಣಪ್ಪನ ಹೆಣವನ್ನು ಮನೆಗೆ ತಂದದ್ದು ಅದೇ ಗಾಡಿಯಲ್ಲಿ.

ಅವನ ಚಪ್ಪಲಿ ಹೊಸ್ತಿಲು ದಾಟಿತು. ಬಲ್ಬು ಹೊತ್ತಿಕೊಂಡಿತು.

"ನಾಗಣ್ಣ, ನಿಮ್ಮನ್ನ ನೋಡಿ ಗಾಡಿಗಿ ಖುಷಿ ಆತು ನೋಡ್ರಿ," ಎಂದರು ವೈನಿ. ಅವನೂ ನಕ್ಕ. ಓಣಿಗೆಲ್ಲ ಕರೆಂಟು ಕೊಡಲು ತಾನೊಬ್ಬ ಸಾಕು ಎಂದು ತಮಾಷೆ ಮಾಡಿ, ಉಗುಳಲು ಹೊರಗೆ ಹೋದ. ಬಲ್ಬು ಆರಿತು.

ತಿರುಗಿ ಬಂದ. ಹೊತ್ತಿತು.

ಯಾರೂ ನಗಲಿಲ್ಲ. ನಾನು ವೈರುಗಳನ್ನು ಬಿಚ್ಚತೊಡಗಿದೆ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟು... ಎಲ್ಲ ಬಿಚ್ಚಿದರೂ ಉರಿಯುತ್ತಲೇ ಇತ್ತು. ನಾಗಣ್ಣ ಏನೋ ನೆಪ ಹೇಳಿ ಎದ್ದು ಹೋದ ಮೇಲೆ ಕತ್ತಲು. ನಾನು ಬ್ಯಾಟರಿಯನ್ನೇ ಕಳಚಿ ಅಂಗಡಿಗೆ ತಂದುಬಿಟ್ಟೆ. ಹೌದು, ತಂದಿಟ್ಟೆ. ಅದು ಈಗಲೂ ನನ್ನ ಅಂಗಡಿಯ ಕಪಾಟಿನ ಮೇಲಿದೆ.

ಆಮೇಲೆ ವೈನಿ ಬೈಕನ್ನು ಬಲ್ಬು ಕಟ್ಟಿದ್ದ ಹಾಗೆಯೇ ತಳ್ಳಿಕೊಂಡು ಹೋಗಿ ದಿನಾ ಸಂಜೆ ನಾಗಣ್ಣನ ಮನೆ ಎದುರು ನಿಲ್ಲಿಸತೊಡಗಿದರು. ಬೈಗುಳ ಇಲ್ಲ, ಜಗಳ ಇಲ್ಲ. ಪಕ್ಕದಲ್ಲಿ ಒಂದು ಚಾಪೆ ಹಾಸಿ ಕೂರುವುದು. ಕೊನೆಗೆ ನಾಗಣ್ಣನ ಹೆಂಡತಿ ಅಂಗಡಿಗೆ ಬಂದು, ಗಂಡ ಉಣ್ಣುತ್ತಿಲ್ಲ, ಕಿಟಕಿ ಮುಚ್ಚಿದರೂ ಬೆಳಕು ಬೀಳುತ್ತದೆ ಎನ್ನುತ್ತಾನೆ, ಹೇಗಾದರೂ ಆ ಬಲ್ಬನ್ನು ಕಿತ್ತು ಹಾಕು ಎಂದು ಕೈ ಮುಗಿದಳು.

ಹೋದೆ. ಬಲ್ಬು ಉರಿಯುತ್ತಿತ್ತು.

"ವೈನಿ, ಬ್ಯಾಟರಿ ನನ್ನ ಹಂತ್ಯಾಕ ಅದ..."

"ಗೊತ್ತದ. ಸುಮ್ಮ ಕುಂದ್ರಿ."

ಬಾಗಿಲು ತೆರೆಯಿತು. ನಾಗಣ್ಣ ಬನಿಯನ್ ಮೇಲೆಯೇ ಬಂದು ಬೈಕಿನ ಎದುರು ಕುಕ್ಕರಿಸಿದ. ಮುಖದಲ್ಲಿ ಗಡ್ಡ ಬೆಳೆದಿತ್ತು. ಬಹಳ ಹೊತ್ತು ಬಲ್ಬನ್ನೇ ನೋಡಿದ.

"ಹೌದು," ಎಂದ. "ನಂದೇ ಗಾಡಿ. ಇನ್ನರೆ ಆರಸ್ರಿ."

ಆರುತ್ತದೆ ಎಂದುಕೊಂಡೆ. ಇಂಥ ಕತೆಗಳಲ್ಲಿ ಆರುತ್ತದಲ್ಲ.

ಆರಲಿಲ್ಲ. ವೈನಿ ಅವನ ಮುಖ ಕೂಡ ನೋಡಲಿಲ್ಲ. ಬಲ್ಬಿನ ಹತ್ತಿರ ಕೈ ಹಿಡಿದು, ಚಳಿ ಕಾಯಿಸುವವರ ಹಾಗೆ ಕೂತಿದ್ದರು.

ಮರುದಿನ ಅವನೇ ಠಾಣೆಗೆ ಹೋದ. ಈಗ ಜೈಲಿನಲ್ಲಿದ್ದಾನೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ವೈನಿ ಸಂತೆಯಲ್ಲಿ ಸಿಕ್ಕರು. ಶಾರ್ಟ್ ತೆಗೆದು ಕೊಡಲೇ ಎಂದು ಕೇಳಿದೆ.

"ಬ್ಯಾಡ. ಆ ಗಾಡ್ಯಾಗ ಅಂವ ಒಬ್ನೇ ಇರಲಿಲ್ಲಂತ ಅಣ್ಣಾ. ಬಾಜೂಕ ಇನ್ನೊಬ್ಬ ಕುಂತಿದ್ದ. ಯಾರಂತ ಅಂವ ಬಾಯಿ ಬಿಡವಲ್ಲ. ಅದಕ್ಕೇ ಬೈಕ್ ತಳ್ಕೊಂಡು ಓಣಿ ಓಣಿ ತಿರಗ್ಲಿಕತ್ತೀನಿ."

ನಾಗಣ್ಣನ ಜೊತೆ ಯಾರಿದ್ದರೋ ನನಗೆ ಗೊತ್ತಿಲ್ಲ. ಶರಣಪ್ಪ ಸತ್ತ ರಾತ್ರಿ ನಾನು ಮನೆಯಲ್ಲಿದ್ದೆ. ಮನೆಯಲ್ಲೇ ಇದ್ದೆ ಎಂದು ನೆನಪು. ಹೆಂಡತಿಯನ್ನು ಕೇಳಿದೆ, ಅವಳಿಗೆ ಸರಿಯಾಗಿ ನೆನಪಿಲ್ಲ.

ನಮ್ಮ ಓಣಿಗೆ ವೈನಿ ಇನ್ನೂ ಬಂದಿಲ್ಲ. ಇತ್ತೀಚೆಗೆ ನಾನು ಹೊತ್ತು ಮುಳುಗುವ ಮೊದಲೇ ಶಟರ್ ಎಳೆಯುತ್ತೇನೆ...